ಪರಧರ್ಮೀಯರ ಹೊಸ್ತಿಲಲ್ಲಿ ಶ್ರಾವಕ

(ಪಂಚಕಲ್ಯಾಣ ಮಹೋತ್ಸವದ ಧಾರ್ಮಿಕ ಸಭೆಯಲ್ಲಿ ಮಾಡಿದ ಉಪನ್ಯಾಸ)



ಪಂಚಕಲ್ಯಾಣಗಳ ವಿಧಿಗಳು ನೆರವೇರಿ ಬಿಂಬಕ್ಕೆ ನೇತ್ರೋನ್ಮೀಲನವಾದೊಡನೆ, ನಿನ್ನೆಯವರೆಗೆ ಶಿಲೆಯಾಗಿದ್ದುದು ವಂದನೀಯವಾಗುತ್ತದೆ. ಇಂತಹ ಉತ್ಸವಕ್ಕೆ ತುಳುನಾಡಿನಲ್ಲಿ ಊರವರಿಂದ ಹೊರೆಕಾಣಿಕೆ ಬರುವುದು ವಾಡಿಕೆ. ಅಕ್ಕಿ, ಬೆಲ್ಲ, ತೆಂಗಿನಕಾಯಿ, ಬಾಳೆಗೊನೆಗಳನ್ನು ಹೊತ್ತು ತರುವವರಲ್ಲಿ ಜೈನರು ಮಾತ್ರವೇ ಇರುವುದಿಲ್ಲ. ಗೆಡ್ಡೆಗೆಣಸುಗಳು ಬಸದಿಯ ಅಡುಗೆಗೆ ಸಲ್ಲವೆಂಬುದನ್ನು ಅರಿತು, ಅವನ್ನು ಮನೆಯಲ್ಲಿಯೇ ಬಿಟ್ಟು ಬರುವ ನೆರೆಯವರೂ ಉಂಟು. ಅವರು ಅಂಗಳದಲ್ಲಿ ಚಪ್ಪಲಿ ಕಳಚಿ, ಮಾನಸ್ತಂಭವನ್ನು ತಲೆಯೆತ್ತಿ ನೋಡಿ, ಒಳಗಿರುವವರು ಯಾರು, ಅವರೇಕೆ ದಿಗಂಬರರು, ಅವರ ಕೈಯಲ್ಲಿ ಆಯುಧವೇಕಿಲ್ಲ ಎಂದು ಕೇಳುತ್ತಾರೆ. ಶ್ರಾವಕನು ಸಂತೋಷದಿಂದಲೇ ಉತ್ತರ ಹೇಳುತ್ತಾನೆ. ಆದರೆ ಅದೇ ಶ್ರಾವಕನು ನೆರೆಯವನ ದೇವಾಲಯದ, ಮಸೀದಿಯ, ಇಗರ್ಜಿಯ ಹೊಸ್ತಿಲಲ್ಲಿ ನಿಂತು ಅಂತಹುದೇ ಪ್ರಶ್ನೆಯನ್ನು ಎಂದಾದರೂ ಕೇಳಿರುವನೇ?

ಕೇಳದಿರುವುದಕ್ಕೆ ಉದಾಸೀನವೊಂದೇ ಕಾರಣವಲ್ಲ. ಅದರ ಹಿಂದೆ ಧರ್ಮಭೀರುಗಳ ಒಂದು ಅಳುಕೂ ಇದೆ. ಸಮ್ಯಗ್ದರ್ಶನಕ್ಕೆ ಮೂರು ಮೂಢತೆಗಳು ದೋಷವೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿದ್ದಾರೆ. ಅವುಗಳಲ್ಲಿ ದೇವಮೂಢತೆಯೂ ಒಂದು. ಹಾಗಿರುವಲ್ಲಿ ಅನ್ಯದೇವರ ಗುಡಿಯನ್ನು ಹೊಗುವುದೇ ತಪ್ಪಲ್ಲವೇ ಎಂದು ಹಿರಿಯರು ಶಂಕಿಸುವುದುಂಟು. ಶಂಕೆಯನ್ನು ನಕ್ಕು ತಳ್ಳಿಹಾಕುವುದು ಸರಿಯಲ್ಲ. ಆಚಾರ್ಯರು ಏನು ಹೇಳಿದ್ದಾರೆಂಬುದನ್ನೇ ನೋಡಬೇಕು. ವರವನ್ನು ಪಡೆಯುವ ಆಸೆಯಿಂದ, ರಾಗದ್ವೇಷಗಳಿಂದ ಮಲಿನರಾದ ದೇವತೆಗಳನ್ನು ಉಪಾಸಿಸುವುದು ದೇವಮೂಢತೆ ಎಂಬುದು ಅವರ ಲಕ್ಷಣವಾಕ್ಯದ ಅರ್ಥ. ದೋಷವಿರುವುದು ಆಸೆಯಲ್ಲಿ, ಆ ಆಸೆಯಿಂದ ಮಾಡುವ ಉಪಾಸನೆಯಲ್ಲಿ. ನೋಡುವ ಕಣ್ಣಿನ ಮೇಲಾಗಲಿ, ತಿಳಿಯುವ ಮನಸ್ಸಿನ ಮೇಲಾಗಲಿ ಅವರು ಆ ದೋಷವನ್ನು ಹೊರಿಸಿಲ್ಲ. ಪುಣ್ಯ ಬರುವುದೆಂದು ನದಿಯಲ್ಲಿಯೂ ಸಮುದ್ರದಲ್ಲಿಯೂ ಮೀಯುವುದನ್ನು ಅವರು ಲೋಕಮೂಢತೆಯೆಂದು ಕರೆದರು. ಅದನ್ನು ಓದಿದ ಕರಾವಳಿಯ ಜೈನನಾರೂ ಕಡಲನ್ನು ನೋಡುವುದನ್ನು ಬಿಟ್ಟಿಲ್ಲ!

ಶಾಸ್ತ್ರ ಬಲ್ಲವರು ಇಲ್ಲಿ ರೇವತಿ ರಾಣಿಯ ಕಥೆಯನ್ನು ಮುಂದಿಡಬಹುದು. ಅಮೂಢದೃಷ್ಟಿ ಎಂಬ ಅಂಗಕ್ಕೆ ಅವಳೇ ಉದಾಹರಣೆ. ವಿದ್ಯಾಬಲವುಳ್ಳ ಕ್ಷುಲ್ಲಕನೊಬ್ಬನು ಮಥುರೆಗೆ ಬಂದು ಒಂದೊಂದು ದಿಕ್ಕಿನಲ್ಲಿ ಒಂದೊಂದು ರೂಪವನ್ನು ತೋರಿದನು. ಬ್ರಹ್ಮನಾದನು, ವಿಷ್ಣುವಾದನು, ಶಿವನಾದನು. ಊರೆಲ್ಲ ಕಾಣಲು ಓಡಿತು, ರೇವತಿ ಹೋಗಲಿಲ್ಲ. ಕಡೆಗೆ ಅವನು ಸಮವಸರಣವನ್ನೇ ನಿರ್ಮಿಸಿ ತೀರ್ಥಂಕರನಾಗಿ ಕುಳಿತನು. ಆಗಲೂ ಅವಳು ಹೋಗಲಿಲ್ಲ. ತೀರ್ಥಂಕರರು ಇಪ್ಪತ್ತನಾಲ್ವರೇ, ಅವರೆಲ್ಲ ಆಗಿಹೋದರು, ಇದು ಮಾಯೆ ಎಂದಳು. ಈ ಕಥೆಯಲ್ಲಿ ಗಮನಿಸಬೇಕಾದುದು ಕೊನೆಯ ಪರೀಕ್ಷೆಯನ್ನು. ತನ್ನ ಮತದ ವೇಷವನ್ನೇ ಧರಿಸಿ ಬಂದ ಮಾಯೆಗೂ ಅವಳು ಮರುಳಾಗಲಿಲ್ಲ. ಅವಳನ್ನು ಕಾಪಾಡಿದುದು ಹೆದರಿಕೆಯಲ್ಲ, ಆಗಮದ ತಿಳಿವು. ಅದೇ ವ್ಯಕ್ತಿ ರೋಗಗ್ರಸ್ತನಾದ ಸಾಧುವಿನ ರೂಪದಲ್ಲಿ ಬಾಗಿಲಿಗೆ ಬಂದಾಗ ಅವಳು ಅಸಹ್ಯಪಡದೆ ಉಪಚರಿಸಿದಳು. ತಿಳಿದವಳಿಗೆ ಎಲ್ಲಿ ತಲೆಬಾಗಬೇಕು, ಎಲ್ಲಿ ಕೈಚಾಚಬೇಕು ಎಂಬ ವಿವೇಕವಿತ್ತು. ಅಂತಹ ತಿಳಿವನ್ನು ಮನೆಯಲ್ಲಿ ಕಟ್ಟಿಕೊಂಡವನು ನೆರೆಯವನ ಬಾಗಿಲಿಗೆ ಅಂಜಬೇಕಾಗಿಲ್ಲ. ಅಂಜಿಕೆಯಿರುವಲ್ಲಿ ತಿಳಿವು ಸಾಲದೆಂದೇ ಅರ್ಥ. ಅದಕ್ಕೆ ಮದ್ದು ಸ್ವಾಧ್ಯಾಯವೇ ಹೊರತು ಮುಚ್ಚಿದ ಬಾಗಿಲಲ್ಲ.

ಈ ಮಾತನ್ನು ಪರೀಕ್ಷಿಸುವುದಕ್ಕೆ ಮಂಗಳೂರಿಗಿಂತ ಉತ್ತಮವಾದ ಊರು ದೊರೆಯಲಾರದು. ಬೆಳಗ್ಗೆ ಬಸದಿಯಲ್ಲಿ ದರ್ಶನ ಮುಗಿಸಿ ಹೊರಟ ಶ್ರಾವಕನು ಒಂದೇ ಹಗಲಿನಲ್ಲಿ ಸಾವಿರ ವರ್ಷಗಳ ಪೂಜಾಸ್ಥಾನಗಳನ್ನು ಕಂಡು ಸೂರ್ಯಾಸ್ತಕ್ಕೆ ಮೊದಲು ಊಟಕ್ಕೆ ಮರಳಬಹುದು.

ಮೊದಲು ಕದ್ರಿ. ಮಂಜುನಾಥನ ಗುಡಿಯಲ್ಲಿರುವ ಲೋಕೇಶ್ವರನ ಕಂಚಿನ ವಿಗ್ರಹಕ್ಕೆ ಮೂರು ಮುಖ, ಆರು ಕೈ. ಆಳುಪ ಅರಸ ಕುಂದವರ್ಮನು ಇದನ್ನು ಕದಿರಿಕಾ ವಿಹಾರದಲ್ಲಿ ಸ್ಥಾಪಿಸಿದನೆಂದು ಪೀಠದ ಶಾಸನ ಹೇಳುತ್ತದೆ; ಕಾಲ ಕ್ರಿ. ಶ. 968. ವಿಹಾರವೆಂಬ ಮಾತಿನಿಂದಲೂ ಲೋಕೇಶ್ವರನೆಂಬ ಹೆಸರಿನಿಂದಲೂ ಇದು ಬೌದ್ಧಸ್ಥಾನವಾಗಿದ್ದಿತೆಂದು ವಿದ್ವಾಂಸರು ಊಹಿಸಿದರು. ಆದರೆ ಅದೇ ಶಾಸನವು ಅರಸನನ್ನು ಶಿವನ ಪಾದಸೇವಕನೆಂದು ಬಣ್ಣಿಸುತ್ತದೆ. ಗುಡಿಯ ಮೇಲ್ಗಡೆ ಗುಡ್ಡದಲ್ಲಿ ನಾಥಪಂಥದ ಜೋಗಿಮಠವಿದೆ. ಹನ್ನೆರಡು ವರ್ಷಗಳಿಗೊಮ್ಮೆ ತ್ರ್ಯಂಬಕೇಶ್ವರದಿಂದ ಯೋಗಿಗಳ ತಂಡ ಕಾಲ್ನಡಿಗೆಯಲ್ಲಿ ಬಂದು ಅಲ್ಲಿ ಹೊಸ ಪೀಠಾಧಿಪತಿಗೆ ಪಟ್ಟ ಕಟ್ಟುತ್ತದೆ. ಬೌದ್ಧ, ನಾಥ, ಶೈವ ಎಂಬ ಮೂರು ಹೆಸರುಗಳಲ್ಲಿ ಕದ್ರಿಗೆ ಸಲ್ಲುವುದು ಯಾವುದು? ಸ್ಯಾದ್ವಾದವನ್ನು ಪಾಠಶಾಲೆಯಲ್ಲಿ ಆನೆಯ ಮತ್ತು ಕುರುಡರ ಕಥೆಯಿಂದ ಕಲಿಸುವರು. ಕದ್ರಿಯ ಗುಡ್ಡವನ್ನು ಹತ್ತಿಸಿ ಕಲಿಸಿದರೆ ಇನ್ನೂ ಚೆನ್ನಾಗಿ ಮನಮುಟ್ಟೀತು.

ಜೈನರಿಗೆ ಕದ್ರಿ ಪರಸ್ಥಳವೂ ಅಲ್ಲ. ಧರ್ಮಸ್ಥಳದ ಲಿಂಗವನ್ನು ಅಣ್ಣಪ್ಪನು ತಂದುದು ಕದ್ರಿಯಿಂದಲೇ ಎಂಬ ಐತಿಹ್ಯ ಮನೆಮಾತಾಗಿದೆ. ಅಲ್ಲಿ ಶಿವನ ಕ್ಷೇತ್ರ, ಪೂಜೆಗೆ ಮಾಧ್ವ ಬ್ರಾಹ್ಮಣರು, ಆಡಳಿತಕ್ಕೆ ಜೈನ ಹೆಗ್ಗಡೆ ಮನೆತನ, ಸಮೀಪದಲ್ಲಿಯೇ ಚಂದ್ರನಾಥ ಸ್ವಾಮಿಯ ಬಸದಿ. ಹೊರಗಿನವರಿಗೆ ಆಶ್ಚರ್ಯವೆನಿಸುವ ಈ ಏರ್ಪಾಡು ತುಳುನಾಡಿನ ಮಗುವಿಗೆ ಸಹಜವಾಗಿ ತೋರುತ್ತದೆ. ಹೆಗ್ಗಡೆಯವರು ಮಂಜುನಾಥನ ಸನ್ನಿಧಿಯ ಹೊಣೆ ಹೊತ್ತುದರಿಂದ ಅವರ ಜಿನಭಕ್ತಿಗೆ ಕುಂದುಂಟಾಯಿತೆಂದು ಯಾರೂ ಹೇಳಿಲ್ಲ.

ಕದ್ರಿಯಿಂದ ಪೇಟೆಯ ಕಡೆಗೆ ಇಳಿದರೆ ಬಲ್ಮಠ. ಬಾಸೆಲ್ ಮಿಷನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಅವರ ಶಾಂತಿ ದೇವಾಲಯ 1862ರದು. ಒಳಗೆ ವಿಗ್ರಹವಿಲ್ಲ, ಆಡಂಬರವಿಲ್ಲ. ಸಾಲು ಬೆಂಚುಗಳು, ಎದುರಿಗೆ ಬೋಧನೆಯ ಪೀಠ. ಗ್ರಂಥಕ್ಕೇ ಅಲ್ಲಿ ಅಗ್ರಸ್ಥಾನ. ಅವರು ಮತಪ್ರಚಾರಕ್ಕಾಗಿಯೇ ಬಂದವರು ಎಂಬುದನ್ನು ಮರೆಮಾಚಬೇಕಾಗಿಲ್ಲ. ಆದರೆ 1872ರಲ್ಲಿ ಆ ಮಿಷನಿನ ಮಂಗಳೂರಿನ ಮುದ್ರಣಾಲಯದಿಂದ ಹೊರಬಂದ ಒಂದು ಪುಸ್ತಕವನ್ನು ಜೈನರು ಮರೆಯಬಾರದು. ಅದು ಕೇಶಿರಾಜನ ಶಬ್ದಮಣಿದರ್ಪಣ. ಸಂಪಾದಕರು ರೆವರೆಂಡ್ ಕಿಟ್ಟೆಲ್. ಹದಿಮೂರನೆಯ ಶತಮಾನದ ಜೈನ ವೈಯಾಕರಣನ ಕೃತಿಯನ್ನು, ಕಡಲಾಚೆಯಿಂದ ಬಂದ ಕ್ರೈಸ್ತ ಪಾದ್ರಿಯೊಬ್ಬರು ಓಲೆಯ ಪ್ರತಿಗಳಿಂದ ಹೋಲಿಸಿ, ಪಾಠವನ್ನು ನಿಷ್ಕರ್ಷಿಸಿ ಅಚ್ಚಿಗೆ ಕೊಟ್ಟರು. ಅವರ ಹೆಸರಾಂತ ನಿಘಂಟು 1894ರಲ್ಲಿ ಬಂದಿತು. ಜೈನ ಕವಿಗಳ ಹಳಗನ್ನಡವನ್ನು ಬಿಡಿಸಿ ಓದಲು ಇಂದಿಗೂ ವಿದ್ಯಾರ್ಥಿಗಳು ಅದನ್ನು ತೆರೆಯುತ್ತಾರೆ. ಕೇಶಿರಾಜನನ್ನು ಓದಿ ಕಿಟ್ಟೆಲರು ಜೈನರಾಗಲಿಲ್ಲ. ಅವರು ಅಚ್ಚು ಹಾಕಿಸಿದುದನ್ನು ಓದಿದ ಜೈನರೂ ಕ್ರೈಸ್ತರಾಗಲಿಲ್ಲ.

ಅಲ್ಲಿಂದ ಬಾವುಟಗುಡ್ಡೆ ದೂರವಿಲ್ಲ. ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಮಂದಿರದ ಗೋಡೆಗಳನ್ನೂ ಛಾವಣಿಯನ್ನೂ ಇಟಲಿಯ ಜೆಸ್ವಿಟ್ ಬ್ರದರ್ ಆಂಟೋನಿಯೋ ಮೊಸ್ಕೇನಿ ಅವರು ಚಿತ್ರಗಳಿಂದ ತುಂಬಿದರು; ಕೆಲಸ ಮುಗಿದುದು 1901ರಲ್ಲಿ. ಬರುವವರೆಲ್ಲ ಬಣ್ಣವನ್ನು ಹೊಗಳಿ ಹೋಗುತ್ತಾರೆ. ಜೈನ ಯಾತ್ರಿಕನು ಕಥೆಯನ್ನು ವಿಚಾರಿಸಬೇಕು. 1568ರಲ್ಲಿ ಇಟಲಿಯ ಪಾಳೆಯಗಾರ ಮನೆತನವೊಂದರಲ್ಲಿ ಹಿರಿಯ ಮಗನಾಗಿ ಹುಟ್ಟಿದ ಅಲೋಶಿಯಸ್ ಗೊನ್ಜಾಗನು, ತಂದೆಯ ವಿರೋಧವನ್ನು ಸಹಿಸಿ, ತನಗೆ ಬರಬೇಕಾದ ಅಧಿಕಾರವನ್ನು ತಮ್ಮನಿಗೆ ಬಿಟ್ಟುಕೊಟ್ಟು ಸನ್ಯಾಸಿಯಾದನು. ರೋಮಿನಲ್ಲಿ ಸಾಂಕ್ರಾಮಿಕ ರೋಗ ಹರಡಿದಾಗ ರೋಗಿಗಳ ಶುಶ್ರೂಷೆಗೆ ನಿಂತು, ಅದೇ ಬೇನೆ ತನಗೂ ತಗುಲಿ 1591ರಲ್ಲಿ, ಇಪ್ಪತ್ತಮೂರನೆಯ ವಯಸ್ಸಿನಲ್ಲಿ ತೀರಿಕೊಂಡನು. ದೀಕ್ಷಾಕಲ್ಯಾಣದಂದು ಮಂಟಪದಲ್ಲಿ ರಾಜಪುತ್ರನು ಕಿರೀಟವನ್ನಿಳಿಸಿ ಹೊರಡುವ ದೃಶ್ಯವನ್ನು ಕಂಡು ಕಣ್ಣೀರಿಟ್ಟ ಶ್ರಾವಕಿಗೆ ಈ ಛಾವಣಿಯ ಕೆಳಗೆ ನಿಂತಾಗ ವಿವರಣೆಯ ಅಗತ್ಯವೇ ಬೀಳದು. ಎರಡೂ ಒಂದೇ ಎಂದಲ್ಲ. ಜಿನನ ತ್ಯಾಗ ಕರ್ಮಕ್ಷಯದ ದಾರಿ. ಆ ಯುವಕನ ತ್ಯಾಗ ತನ್ನ ದೇವರ ಸೇವೆ. ವ್ಯತ್ಯಾಸವನ್ನು ವ್ಯತ್ಯಾಸವೆಂದೇ ಅರಿಯುವುದು ಅನೇಕಾಂತ. ಎಲ್ಲವೂ ಒಂದೇ ಎಂದು ಸಭೆಗಳಲ್ಲಿ ಸುಲಭವಾಗಿ ಆಡುವ ಮಾತು ಅನೇಕಾಂತವಲ್ಲ; ಅದು ನೋಡುವ ಶ್ರಮವನ್ನು ತಪ್ಪಿಸಿಕೊಳ್ಳುವ ಉಪಾಯ.

ಹಂಪನಕಟ್ಟೆಯ ಮಿಲಾಗ್ರಿಸ್ ಇಗರ್ಜಿಯ ಮುಂದೆ ಇತಿಹಾಸ ಕಹಿಯಾಗುತ್ತದೆ. 1680ರಲ್ಲಿ ಸ್ಥಾಪಿತವಾದ ಇಗರ್ಜಿ 1784ರಲ್ಲಿ ಟಿಪ್ಪುವಿನ ಕಾಲದಲ್ಲಿ ನೆಲಸಮವಾಯಿತು. ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ದಾರಿಯಲ್ಲಿಯೂ ಸೆರೆಯಲ್ಲಿಯೂ ಬಹುಮಂದಿ ಸತ್ತರು. ಉಳಿದವರು ಮರಳಿದುದು 1799ರ ನಂತರ. ಬಂದರಿನ ಪುರಾತನ ಮಸೀದಿಯನ್ನು ಜೀರ್ಣೋದ್ಧಾರ ಮಾಡಿಸಿದವನೂ, ಶೃಂಗೇರಿಯ ಮಠಕ್ಕೆ ನೆರವಿತ್ತವನೂ ಅದೇ ದೊರೆ. ಒಂದನ್ನು ಹೇಳಿ ಇನ್ನೊಂದನ್ನು ಬಿಡುವವರು ಎರಡು ಕಡೆಗಳಲ್ಲಿಯೂ ಇದ್ದಾರೆ. ಹಳೆಯ ಕಾಲದ ಮಾತೆಂದು ಇದನ್ನು ಬಿಡುವಂತೆಯೂ ಇಲ್ಲ. 2008ರ ಸೆಪ್ಟೆಂಬರಿನಲ್ಲಿ ಇದೇ ನಗರದಲ್ಲಿಯೂ ಸುತ್ತಮುತ್ತಲೂ ಕ್ರೈಸ್ತ ಪ್ರಾರ್ಥನಾಸ್ಥಳಗಳ ಮೇಲೆ ದಾಳಿಗಳಾದುವು. ಬಿಂಬವು ಭಗ್ನವಾದರೆ ಆಗುವ ನೋವು ಎಂತಹುದೆಂಬುದನ್ನು ಜೈನರಿಗೆ ಹೇಳಿಕೊಡಬೇಕಾಗಿಲ್ಲ. ಈ ನಾಡಿನಲ್ಲಿ ಕಾಡು ಬೆಳೆದ ಬಸದಿಗಳೆಷ್ಟು, ತಲೆಯಿಲ್ಲದ ಜಿನಮೂರ್ತಿಗಳೆಷ್ಟು! ಆ ನೋವನ್ನು ಬಲ್ಲವರು ಇಗರ್ಜಿಯ ಒಡೆದ ಪ್ರತಿಮೆಯ ಮುಂದೆ ಮೌನವಾಗಿ ನಿಲ್ಲಲಾದರೂ ಹೋಗಬಹುದಾಗಿದ್ದಿತು. ಹೋದವರು ಕಡಮೆ.

ಬಂದರಿನ ಓಣಿಗಳಲ್ಲಿ ಝೀನತ್ ಬಕ್ಷ್ ಜುಮ್ಮಾ ಮಸೀದಿಯಿದೆ. ಮಾಲಿಕ್ ದೀನಾರರ ಬಳಗದವರು ಹಿಜರಿ 22ರಲ್ಲಿ ಇದನ್ನು ಕಟ್ಟಿದರೆಂಬುದು ಸಂಪ್ರದಾಯದ ಮಾತು. ನಮಾಜಿನ ಹೊತ್ತನ್ನು ಬಿಟ್ಟು, ಅಲ್ಲಿಯವರ ಅನುಮತಿ ಪಡೆದು, ಕಾಲು ತೊಳೆದು ಒಳಹೊಕ್ಕರೆ ಕೆತ್ತನೆಯ ಮರದ ಕಂಬಗಳು ಕಾಣುತ್ತವೆ. ಮೂಡುಬಿದಿರೆಯಿಂದ ಬಂದವನಿಗೆ ಅವನ್ನು ಎಲ್ಲಿಯೋ ನೋಡಿದಂತೆ ಆಗುತ್ತದೆ. 1430ರಲ್ಲಿ ಕಟ್ಟಿದ ತ್ರಿಭುವನತಿಲಕ ಚೂಡಾಮಣಿ ಬಸದಿಯ ಮೇಲ್ನೆಲೆಯೂ ಮರದ್ದೇ, ಅದರ ಮಾಡೂ ಇಳಿಜಾರೇ. ಕರಾವಳಿಯ ಮಳೆ ಮತವನ್ನು ಕೇಳಿ ಸುರಿಯುವುದಿಲ್ಲ. ಉಳಿ ಹಿಡಿದ ಆಚಾರಿಯ ಕೈಯೂ ಬೇರೆ ಬೇರೆಯಲ್ಲ.

ಇದೇ ಬಂದರನ್ನು ಹದಿನಾಲ್ಕನೆಯ ಶತಮಾನದಲ್ಲಿ ಕಂಡ ಯಾತ್ರಿಕ ಇಬ್ನ್ ಬತೂತನು, ಇಲ್ಲಿ ಸುಮಾರು 4000 ಮುಸಲ್ಮಾನರು ವಾಸವಾಗಿದ್ದರೆಂದೂ, ಅವರಿಗೂ ಊರವರಿಗೂ ಆಗಾಗ ಕಾದಾಟವಾಗುತ್ತಿದ್ದಿತೆಂದೂ, ವರ್ತಕರು ಬೇಕಾಗಿದ್ದುದರಿಂದ ಅರಸನು ರಾಜಿ ಮಾಡಿಸುತ್ತಿದ್ದನೆಂದೂ ಬರೆದಿದ್ದಾನೆ. ಹಿಂದೆಲ್ಲ ಸೌಹಾರ್ದವೇ ಇದ್ದಿತು, ಈಗ ಮಾತ್ರ ಕೆಟ್ಟಿತು ಎನ್ನುವವರು ಈ ಸಾಕ್ಷ್ಯವನ್ನು ಗಮನಿಸಬೇಕು. ಒಟ್ಟಿಗೆ ಬಾಳುವುದು ಎಂದೂ ತಾನಾಗಿ ಆದುದಲ್ಲ. ಪ್ರತಿಯೊಂದು ತಲೆಮಾರೂ ಅದಕ್ಕಾಗಿ ಕೆಲಸ ಮಾಡಬೇಕಾಯಿತು.

ಬಂದರಿನಲ್ಲಿ ಇಂದು ಕಾಣಸಿಗದ ಒಂದು ಧರ್ಮವೂ ಇದ್ದಿತು. ಟ್ಯುನೀಸಿಯದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು ಸುಮಾರು 1132ರಿಂದ 1149ರವರೆಗೆ ಮಂಗಳೂರಿನಲ್ಲಿ ನೆಲಸಿ, ಕಂಚಿನ ಕೆಲಸ ಮಾಡಿಸಿ, ಏಡನ್ನಿನ ಗೆಳೆಯರೊಡನೆ ಮೆಣಸು ಅಡಕೆಗಳ ವ್ಯಾಪಾರ ನಡೆಸಿದನು. ಅವನು ಇಲ್ಲಿ ಎಲ್ಲಿ ಪ್ರಾರ್ಥಿಸಿದನೆಂಬುದಕ್ಕೆ ಗುರುತು ಉಳಿದಿಲ್ಲ. ಅವನ ಕಾಗದಪತ್ರಗಳು ಉಳಿದುವು. ಏಕೆಂದರೆ, ದೇವರ ಹೆಸರಿರಬಹುದಾದ ಬರಹವನ್ನು ನಾಶಮಾಡಬಾರದೆಂಬ ನಿಯಮದಂತೆ ಕೈರೋವಿನ ಯಹೂದ್ಯರು ಹಳೆಯ ಕಾಗದಗಳನ್ನೆಲ್ಲ ತಮ್ಮ ಪ್ರಾರ್ಥನಾಲಯದ ಕೋಣೆಯೊಂದರಲ್ಲಿ ಹಾಕಿಟ್ಟಿದ್ದರು. ಧವಲ, ಜಯಧವಲ, ಮಹಾಧವಲಗಳ ಓಲೆಗಳನ್ನು ಶತಮಾನಗಳ ಕಾಲ ಮೂಡುಬಿದಿರೆಯ ಗುರುಬಸದಿಯಲ್ಲಿ ಕಾಪಾಡಿ, 1939ರಿಂದ ಧವಲದ ಸಂಪುಟಗಳು ಅಚ್ಚಾಗುವುದನ್ನು ಕಂಡ ಸಮಾಜಕ್ಕೆ ಆ ಯಹೂದ್ಯರ ಶ್ರದ್ಧೆ ಅಪರಿಚಿತವೆನಿಸಲಾರದು.

ಕುದ್ರೋಳಿಯ ಗೋಕರ್ಣನಾಥ ದೇವಾಲಯವನ್ನು ಪ್ರತಿಷ್ಠಾಮಹೋತ್ಸವದ ಸಭೆಯಲ್ಲಿ ನೆನೆಯದಿರಲಾಗದು. ಇದ್ದ ಗುಡಿಗಳೊಳಗೆ ತಮಗೆ ಪ್ರವೇಶವಿಲ್ಲದುದರಿಂದ ಬಿಲ್ಲವ ಸಮಾಜದವರು ಕೇರಳದ ನಾರಾಯಣ ಗುರುಗಳನ್ನು ಕರೆತಂದರು. 1912ರಲ್ಲಿ ಗುರುಗಳು ಅಲ್ಲಿ ಶಿವನನ್ನು ಪ್ರತಿಷ್ಠಿಸಿದರು. ಬಾಗಿಲು ತೆರೆಯದವರ ಮೇಲೆ ಕೈಯೆತ್ತದೆ ಹೊಸ ಬಾಗಿಲೊಂದನ್ನು ಕಟ್ಟಿದ ಕಾರ್ಯವಿದು. ಸಮವಸರಣದಲ್ಲಿ ಪಶುಪಕ್ಷಿಗಳಿಗೂ ಸ್ಥಾನವಿದ್ದಿತೆಂದು ಪ್ರತಿವರ್ಷವೂ ಕೇಳುವವರು ಈ ಗುಡಿಯ ಮುಂದೆ ನಿಂತು, ತಮ್ಮ ಊರಿನ ಬಸದಿಯ ಅಂಗಳದಲ್ಲಿ ಯಾರು ಯಾರು ಎಲ್ಲಿಯವರೆಗೆ ಬರುತ್ತಿದ್ದರೆಂಬುದನ್ನು ಜ್ಞಾಪಿಸಿಕೊಳ್ಳುವುದು ಒಳ್ಳೆಯದು.

ನೇತ್ರಾವತಿಯನ್ನು ದಾಟಿದರೆ ಉಳ್ಳಾಲ; ಚೌಟರ ರಾಣಿ ಅಬ್ಬಕ್ಕನ ಊರು. ಜೈನ ಮನೆತನದ ಆ ವೀರರಾಣಿಯ ಹೆಸರು ಕಡಲತೀರದ ಸೋಮನಾಥನ ಗುಡಿಯೊಂದಿಗೆ ಬೆಸೆದುಕೊಂಡಿದೆ. ಪೋರ್ಚುಗೀಸರೊಡನೆ ಕಾದಿದ ಅವಳ ಪಕ್ಷದಲ್ಲಿ ಮೊಗವೀರರೂ ಮುಸಲ್ಮಾನರೂ ಇದ್ದರು. ಉತ್ತರಕ್ಕೆ ಮೂಲ್ಕಿಯ ಬಪ್ಪನಾಡಿನಲ್ಲಿಯೂ ಇದೇ ಬಗೆಯ ನೆನಪು. ದುರ್ಗಾಪರಮೇಶ್ವರಿಯ ಆ ಗುಡಿಯನ್ನು ಕಟ್ಟಿಸಲು ಮುಂದಾದವನು ಬಪ್ಪ ಬ್ಯಾರಿ ಎಂಬ ಮುಸಲ್ಮಾನ ವರ್ತಕನೆಂದೂ, ಆ ಸೀಮೆಯ ಜೈನ ಅರಸರಾದ ಸಾವಂತರು ಅವನಿಗೆ ನೆರವಾದರೆಂದೂ ಐತಿಹ್ಯ. ದೇವಿಯ ಗುಡಿಗೆ ಬ್ಯಾರಿಯ ಹೆಸರು ನಿಂತಿದೆ.

ಹೀಗೆ ಹೊರಟವನು ತನ್ನ ವ್ರತಗಳನ್ನು ಹೇಗೆ ನಡೆಸಬೇಕೆಂಬ ಪ್ರಶ್ನೆ ಚಿಕ್ಕದಲ್ಲ. ಜಿನಪೂಜೆಗೆ ಅರ್ಪಿಸಿದುದನ್ನು ನಿರ್ಮಾಲ್ಯವೆಂದು ಬಿಡುವ ಶ್ರಾವಕನ ಕೈಗೆ ದೇವಸ್ಥಾನದಲ್ಲಿ ಪ್ರಸಾದ ಬರುತ್ತದೆ. ಕೊಟ್ಟವರ ಮುಖ ಬಾಡದಂತೆ ಗೌರವದಿಂದ ಸ್ವೀಕರಿಸಿ, ತನ್ನ ನಿಯಮವನ್ನು ಮೃದುವಾಗಿ ತಿಳಿಸಿದರೆ ತಪ್ಪು ತಿಳಿಯುವವರಿಲ್ಲ. ಇಗರ್ಜಿಯಲ್ಲಿ ಪೂಜೆಯ ನಡುವೆ ಪಾದ್ರಿಗಳು ಕೊಡುವ ಪರಮಪ್ರಸಾದ ದೀಕ್ಷಾಸ್ನಾನ ಪಡೆದವರಿಗೆ ಮಾತ್ರ ಸಲ್ಲುವುದು. ಕುತೂಹಲದಿಂದ ಸಾಲಿನಲ್ಲಿ ನಿಲ್ಲುವುದು ಅವರಿಗೆ ನೋವುಂಟುಮಾಡುತ್ತದೆ. ಪ್ರಾರ್ಥನೆಯಲ್ಲಿರುವವರ ಭಾವಚಿತ್ರ ತೆಗೆಯುವುದು, ನಮ್ಮಲ್ಲಿ ಹೀಗಿಲ್ಲ ಎಂದು ಹೋಲಿಸಿ ನಗುವುದು ಎಲ್ಲಿಯೂ ಸಲ್ಲದು. ಬಸದಿಗೆ ಬಂದವರು ದಿಗಂಬರ ಬಿಂಬವನ್ನು ಕಂಡು ನಕ್ಕರೆ ಹೇಗಾಗುವುದೆಂಬುದನ್ನು ನೆನೆದರೆ ಉಳಿದುದನ್ನು ಹೇಳಬೇಕಾಗಿಲ್ಲ.

ಇತಿಹಾಸದಲ್ಲಿ ಜೈನರೂ ನೆರೆಯವರ ಹಸ್ತವನ್ನು ಹಿಡಿಯಬೇಕಾದ ದಿನವೊಂದು ಬಂದಿದ್ದಿತು. ಪಂಚಮಹಾವಾದ್ಯ ಮತ್ತು ಕಲಶಗಳ ಹಕ್ಕಿನ ಬಗ್ಗೆ ವೈಷ್ಣವರೊಡನೆ ವ್ಯಾಜ್ಯ ಹುಟ್ಟಿದಾಗ ಭವ್ಯರು ವಿಜಯನಗರದ ಬುಕ್ಕರಾಯನಿಗೆ ಮೊರೆಯಿಟ್ಟರು. 1368ರಲ್ಲಿ ಅರಸನು ಇತ್ತಂಡಗಳನ್ನೂ ಕರೆಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟನು. ಜೈನರ ಮನೆಮನೆಯಿಂದ ವರ್ಷಕ್ಕೊಂದು ಹಣವನ್ನು ಎತ್ತಿ, ಬೆಳುಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲಿನವರನ್ನು ನೇಮಿಸಿ, ಮಿಕ್ಕ ಹಣದಿಂದ ಜಿನಾಲಯಗಳ ಜೀರ್ಣೋದ್ಧಾರ ಮಾಡಿಸುವ ಹೊಣೆ ಬಿದ್ದುದು ತಿರುಮಲೆಯ ವೈಷ್ಣವ ತಾತಯ್ಯನ ಮೇಲೆ. ಬಸದಿಗಳನ್ನು ಕಾಯುವ ಕೆಲಸವನ್ನು ವೈಷ್ಣವನೊಬ್ಬನು ಕೈಗೊಂಡನೆಂಬ ಶಾಸನ ಶ್ರವಣಬೆಳಗೊಳದಲ್ಲಿ ಇಂದಿಗೂ ನಿಂತಿದೆ. ಯಾತ್ರೆಗೆ ಹೋದವರು ಬೆಟ್ಟವನ್ನು ಹತ್ತಿ ಇಳಿದು ಮರಳುವರು. ಆ ಕಲ್ಲನ್ನು ಕೇಳಿ ನೋಡಿದವರು ವಿರಳ.

ಮಹೋತ್ಸವ ಮುಗಿಯುವುದರೊಳಗೆ ಇನ್ನೂ ಹೊರೆಕಾಣಿಕೆಗಳು ಬರಲಿವೆ. ತಂದವರಿಗೆ ಪಾನಕ ಕೊಟ್ಟು, ಬಿಂಬವನ್ನು ತೋರಿಸಿ, ಲಾಂಛನದ ಅರ್ಥವನ್ನು ಹೇಳುವ ಯುವಕರು ಅವರ ಊರಿನ ಜಾತ್ರೆ ಯಾವಾಗ, ಇಗರ್ಜಿಯ ಹಬ್ಬ ಯಾವಾಗ, ಉರೂಸ್ ಯಾವಾಗ ಎಂದು ಕೇಳಿ ಗುರುತು ಹಾಕಿಕೊಳ್ಳಲಿ.